ಎದೆ ಕೂಡಿಸುವವಳು

ಎದೆಯಲ್ಲಿ ಅಂಟುಕಫ ಕಟ್ಟುವ ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆಯ ಮಗು ಕಫ ಸಡಿಲಿಸುವ ಜಾಕೆಟ್ ತೊಟ್ಟಾಗ ಅದರ ನೋವು, ಆಯಾಸವನ್ನೆಲ್ಲ ಬೇರೊಬ್ಬರ ಎದೆ ಹೊರುತ್ತದೆ. ಯಾವ ಜಾಕೆಟ್ಟನ್ನು ಯಾರ ಎದೆಗೆ ಕೂಡಿಸಬೇಕೆಂದು ಆರಿಸುವುದು ನಮ್ಮ ಆಸ್ಪತ್ರೆಯಲ್ಲಿ ನನ್ನ ಕೆಲಸ. ಒಮ್ಮೆ ಕೂಡಿಸಿದರೆ ಬದಲಿಸಲಾಗುವುದಿಲ್ಲ.

ಈ ದಿನ ಭರಮಗೌಡ ತನ್ನ ಒಂಬತ್ತು ವರ್ಷದ ಮಗಳನ್ನು ಕರೆತಂದ. ಆರು ವರ್ಷದ ಹಿಂದೆ ಜಾಕೆಟ್ ಮಂಜೂರು ಮಾಡುವ ಅಧಿಕಾರಿಯಾಗಿದ್ದ ಅವನು ನನ್ನ ಮೊಮ್ಮಗಳು ಸನ್ಮತಿಯ ಅರ್ಜಿಯನ್ನು ಓದದೆಯೇ ಹಿಂದಿರುಗಿಸಿದ್ದ. ಅವಳು ಆ ಚಳಿಗಾಲ ದಾಟಲಿಲ್ಲ. ಅವನಿಗೆ ನನ್ನ ಗುರುತೇ ಹತ್ತಲಿಲ್ಲ.

"ಬಾಡಿಗಿ ಎದಿಯವರು ಸಿಗ್ತಾರಲ್ರೀ ಅಮ್ಮಾರ, ಅಂಥವ್ರನ್ನ ಕೊಡ್ರಿ. ನನಗ ಆಫೀಸ್ ಐತಿ" ಎಂದ.

"ಹಡದ ಅಪ್ಪ ಗಟ್ಟಿಮುಟ್ಟ ನಿಂತಾಗ ಬಾಡಿಗಿ ಯಾಕ್ರೀ ಸಾಹೇಬ್ರ?" ಎನ್ನುತ್ತ ಅವನ ಎದೆಗೇ ಪಟ್ಟಿ ಬಿಗಿದು ಗುಂಡಿ ಒತ್ತಿದೆ.

ಮಗಳು ತೊಟ್ಟಿದ್ದ ಜಾಕೆಟ್ ನಡುಗಿತು. ಹುಡುಗಿ ಸಲೀಸಾಗಿ ಕಫ ಉಗುಳಿ, "ಅಜ್ಜೀ, ಏನೂ ನೋವ ಆಗವಲ್ದು!" ಎಂದು ನಕ್ಕಳು. ಅವಳ ತಂದೆ ಕೆಮ್ಮಿ ಕೆಮ್ಮಿ ನೆಲಕ್ಕೆ ಕುಸಿದ.

"ಎಷ್ಟ್ ದಿನಾರೀ ಇದು?" ಎಂದು ಏದುಸಿರಿನಲ್ಲಿ ಕೇಳಿದ.

"ದಿನಾ ಎರಡು ಸಲ. ಆಕಿ ಬದುಕಿರೂತನಕ."

ಸಂಜೆ ಬಸದಿಗೆ ಹೋದೆ. ವರ್ಷಕ್ಕೊಮ್ಮೆ ಎಲ್ಲರೂ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ ಅದು. ನಾನು ಕ್ಷಮೆಯ ಮಾತೆತ್ತಲಿಲ್ಲ. ಆ ಮಗು ನೂರು ವರ್ಷ ಬಾಳಲಿ ಎಂದು, ಈವರೆಗೆ ಏನನ್ನೂ ಬೇಡದಷ್ಟು ಭಕ್ತಿಯಿಂದ ಜಿನೇಶ್ವರನಲ್ಲಿ ಬೇಡಿಕೊಂಡೆ.