ಹೋಗಿ ಬರ್ತೀನಿ

ಯಾರು ಏನೇ ಹೇಳಲಿ, ಅದು ನಿಜವಾಗುವ ಸಾಧ್ಯತೆ ನೂರಕ್ಕೆ ಎಷ್ಟೆಂದು ಅವರ ಕಾಲರಿನ ಮೇಲೆ ಮಿನುಗುತ್ತದೆ. ಆಟೋದವನ "ಐದೇ ನಿಮಿಷ"ಕ್ಕೆ ನೂರಕ್ಕೆ ಏಳು ಬಂದರೆ ಈಗ ಯಾರೂ ನಗುವುದಿಲ್ಲ.

ದೋಣಿಗಳಿಗೆ ಅಲೆಯ ಮುನ್ಸೂಚನೆ ಕೊಡುವ ಯಂತ್ರ ನಮ್ಮ ಸಂಖ್ಯಾಶಾಸ್ತ್ರ ವಿಭಾಗದ್ದು. ಅದನ್ನು ನೋಡಿಕೊಳ್ಳುವ ಎಂಜಿನಿಯರ್ ಸಿಗದಿದ್ದರೆ ಸಂಶೋಧನೆಯೇ ಬಂದ್. ಬಂದ ಎಂಜಿನಿಯರ್‌ಗಳೆಲ್ಲ "ಹೋಗಿ ಬರ್ತೀನಿ" ಎಂದಾಗ ಎರಡೋ ಮೂರೋ ಮಿನುಗುತ್ತಿತ್ತು. ಮತ್ತೆ ಮುಖ ತೋರಿಸಿದವರಿಲ್ಲ.

ಫ್ಲಾವಿಯಾ ಮಾತ್ರ ಬಂದವಳೇ ಯಂತ್ರ ಬಿಚ್ಚಿದಳು, ನನ್ನ ಲೆಕ್ಕದ ಮೇಲೆ ಜಗಳಕ್ಕೆ ನಿಂತಳು. "ಮೇಡಂ, ಇದು ಅಲೆ ಏಳೋ ಮುಂಚೆನೇ ಹೇಳುತ್ತೆ!" ತೊಂಬತ್ತಾರು! ಇಬ್ಬರೂ ಕುಣಿದುಬಿಟ್ಟೆವು.

ಸಂಜೆ ಅವಳು ಚೀಲ ಹೆಗಲಿಗೇರಿಸಿದಳು. "ಹೋಗಿ ಬರ್ತೀನಿ ಮೇಡಂ."

ಎರಡು.

ನಾನು ಬಾಗಿಲಿಗೆ ಅಡ್ಡ ನಿಂತೆ. "ನೀನೂ ಬರೋದಿಲ್ವೇನಮ್ಮಾ?"

ಅವಳು ಕಾಲರ್ ನೋಡಿಕೊಂಡು ನಕ್ಕಳು. ಚೀಲ ಇಳಿಸಿ, ಯಂತ್ರದ ಮುಂದೆ ಮತ್ತೆ ಕೂತಳು.

"ಬರೋದಲ್ಲ ಮೇಡಂ, ಹೋಗೋದೇ ಡೌಟು!"