ಭೂಪಟದ ಮೇಲೆ ಒಂದು ಗೇಣು

ಹೈಸ್ಕೂಲಿನ ಮಕ್ಕಳಿಗೆ ಎರಡನೇ ಮಹಾಯುದ್ಧದ ಪಾಠ ಮಾಡಲು ಹಳೆಯ ಭೂಪಟ ಬಿಚ್ಚಿದಾಗಲೆಲ್ಲ, ಅದರ ಮುಗ್ಗಲು ವಾಸನೆಗೆ ನನಗೆ ಮಾನ್ವಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನಾನಾಗ ಹತ್ತನೆಯ ತರಗತಿಯಲ್ಲಿದ್ದೆ. ಇದೇ ಪಾಠ ಕೇಳಿ ಬಂದು, ಬರ್ಮಾದ ಕಾಳಗದ ಕತೆಯನ್ನು ಅಜ್ಜಿಗೆ ಹೇಳಿದ್ದೆ. ಅವಳ ಅಪ್ಪ ಆ ಯುದ್ಧಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಮರುದಿನ ಅಜ್ಜಿ ಹೊಲದ ಕೂಲಿ ಬಿಟ್ಟು, ಕೆಸರುಗಾಲಲ್ಲೇ ನಮ್ಮ ತರಗತಿಯ ಬಾಗಿಲಿಗೆ ಬಂದು ನಿಂತಳು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅವಳು ಯಾರೋ ಎನ್ನುವಂತೆ ನಾನು ತಲೆ ತಗ್ಗಿಸಿದೆ.

"ಮಾಸ್ತರ, ಬರ್ಮಾದ ಯುದ್ಧಕ್ಕ ಹೋದ ನಮ್ಮಪ್ಪ ಎಲ್ಲಿ ಸತ್ತಾನಂತ ನಿಮ್ಮ ಪುಸ್ತಕದಾಗ ಬರದಾರೇನ್ರಿ?"

"ಇಲ್ಲ ಯವ್ವಾ. ಸಿಪಾಯಿಗಳ ಹೆಸರು ಇದರಾಗ ಇರಂಗಿಲ್ಲ," ಎಂದ ಮೇಷ್ಟ್ರು ಅವಳನ್ನು ಒಳಗೆ ಕರೆದರು. ಭೂಪಟದ ಮೇಲೆ ಮೊದಲು ರಾಯಚೂರು, ಆಮೇಲೆ ಬರ್ಮಾ ತೋರಿಸಿದರು.

ಅಜ್ಜಿ ಎರಡರ ನಡುವೆ ಬೆರಳು ಚಾಚಿ ಅಳೆದಳು. ಒಂದೇ ಗೇಣಾಯಿತು.

"ನಮ್ಮವ್ವ ಸಾಯೋತನಕ, ಅಪ್ಪ ರೈಲು ಹತ್ತಿದ್ದ ಮಟಮಾರಿ ಸ್ಟೇಷನ್ನಿನಾಗ ಕಾದಳ್ರಿ. ಇಷ್ಟ ಹತ್ರ ಇದ್ರ, ಯಾರಾದ್ರೂ ಒಬ್ಬರು ಬಂದು ಹೇಳಬಹುದಿತ್ತಲ್ರಿ?"

ಅಜ್ಜಿ ಕೈಮುಗಿದು ಒಬ್ಬಳೇ ಹೊರಗೆ ನಡೆದಳು. ಗಂಟೆ ಹೊಡೆಯುವವರೆಗೂ ಅವಳ ಹಿಂದೆ ಎದ್ದು ಹೋಗುವ ಧೈರ್ಯ ನನಗೆ ಬರಲಿಲ್ಲ.