ಉಳಿಸದೆ ಆಡಿದವಳು

ಟಿ.ವಿ. ಪರದೆ ಬೆಳಗುತ್ತಿದ್ದಂತೆ ಅವಳು ಅಂಗೈಯನ್ನು ಅದಕ್ಕೆ ಅಡ್ಡ ಹಿಡಿದಳು. ಎರಡೇ ಕ್ಷಣ. ಆಟ ಶುರುವಾಯಿತು, ಕೈ ಕೆಳಗಿಳಿಯಿತು. ಆದರೆ ವಿಡಿಯೋ ಗೇಮ್ ಸ್ಪರ್ಧೆಯ ತೀರ್ಪುಗಾರನ ಕಣ್ಣು ತಪ್ಪಿಸಲಾಗಲಿಲ್ಲ.

"ಏನಮ್ಮ ಮುಚ್ಚಿಟ್ಟಿದ್ದು?"

"ಗಡಿಯಾರ ಓಡ್ತಿದೆ ಸಾರ್. ಆಮೇಲೆ ಮಾತಾಡೋಣ."

ಹಿಂದಿನ ಸಾಲಿನವರು ಮೂಗು ಮುರಿದರು. ದ್ವೀಪದಿಂದ ದ್ವೀಪಕ್ಕೆ ದೋಣಿ ನಡೆಸಿ, ಕೊನೆಗೆ ದೀಪಸ್ತಂಭದ ಬಾಗಿಲು ತೆರೆಯಬೇಕಾದ ಹಳೆಯ ಸಾಹಸದಾಟ ಅದು; ಆಟದ ಕ್ಯಾಸೆಟ್ಟನ್ನು ಅವರವರೇ ಮನೆಯಿಂದ ತರಬೇಕು. ಎಲ್ಲರೂ ದ್ವೀಪಕ್ಕೊಮ್ಮೆ ನಿಂತು ಆಟವನ್ನು ಸೇವ್ ಮಾಡಿಕೊಳ್ಳುತ್ತಾರೆ. ಸತ್ತರೆ ಅಲ್ಲಿಂದಲೇ ಮುಂದುವರಿಯಬಹುದು. ಇವಳು ಮಾತ್ರ ಒಮ್ಮೆಯೂ ಮಾಡುವುದಿಲ್ಲ. ಸತ್ತರೆ ಮತ್ತೆ ಮೊದಲಿನಿಂದ. ಐದು ವರ್ಷದಿಂದ ಇದೇ ಹಟ. ಅವಳ ಹಳೇ ಯಂತ್ರವೋ, ಒಂದು ಗಂಟೆ ದಾಟಿದರೆ ಕಾದು ತಾನೇ ಆರಿಹೋಗುತ್ತದೆ, ಅದರೊಳಗೆ ಮುಗಿಸಲೇಬೇಕು. ಹಾಗೆ ಓಡಿ ಓಡಿಯೇ ಅವಳ ಬೆರಳುಗಳಿಗೆ ಈ ವೇಗ ಬಂದಿತ್ತು. ಜನ ಅದನ್ನು ಜಂಬ ಎಂದರು. ಅಂದುಕೊಳ್ಳಲಿ.

ಗೋಡೆಯ ಪಕ್ಕ, ಏಣಿಯ ಮೇಲೆ ಅಪ್ಪ. ಬೋರ್ಡು ಬರೆಯುವುದು ಅವರ ಕಸುಬು; ಇಲ್ಲಿನ ದಾಖಲೆ ಫಲಕವೂ ಅವರ ಕೈಬರಹವೇ. ಕೊನೆಯ ಸಾಲು ಖಾಲಿ. ಬ್ರಶ್ಶಿಗೆ ಬಣ್ಣ ಅದ್ದಿಕೊಂಡೇ ಕಾಯುತ್ತಿದ್ದರು. ಅವರ ಅಂಗಡಿಯ ಬೋರ್ಡಿನಲ್ಲೂ ಅವಳ ಹೆಸರೇ ಇದೆ: ದಪ್ಪ ಬಿಳಿ ಅಕ್ಷರ, ಪಕ್ಕದಲ್ಲಿ ಒಂದು ಮೊಳ ಬರೀ ನೀಲಿ ಬಣ್ಣ.

"ನನಗಿರೋದು ಒಬ್ಳೇ ಮಗಳು ಸಾರ್," ಎಂದರು ತೀರ್ಪುಗಾರನಿಗೆ, ಎದೆಯುಬ್ಬಿಸಿ. "ಮೋಸ ಮಾಡೋಳಲ್ಲ."

ಅವಳ ಹೆಬ್ಬೆರಳು ತಡವರಿಸಿತು. ದೋಣಿ ಬಂಡೆಗೆ ತಾಗಿತು. ಹಲ್ಲು ಕಚ್ಚಿ ತಿರುಗಿಸಿದಳು.

ನಲವತ್ತೊಂದನೆಯ ನಿಮಿಷಕ್ಕೆ ದೀಪಸ್ತಂಭದ ಬಾಗಿಲು ತೆರೆಯಿತು. ಹಳೆಯ ದಾಖಲೆಗಿಂತ ಎರಡು ನಿಮಿಷ ಮೊದಲು! ಮೂಗು ಮುರಿದವರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪರದೆಯ ಮೇಲೆ ಪ್ರಶ್ನೆ ಮೂಡಿತು: ಸೇವ್ ಮಾಡಬೇಕೇ? ಹೌದು. ಬೇಡ.

"ಹೌದು ಒತ್ತಮ್ಮ," ಎಂದ ತೀರ್ಪುಗಾರ. "ಕ್ಯಾಸೆಟ್ಟಲ್ಲಿ ಸೇವ್ ಆಗಿರೋದೇ ನಮಗೆ ಪುರಾವೆ. ಇಲ್ಲಾಂದ್ರೆ ದಾಖಲೆ ಇಲ್ಲ."

"ನಿಮ್ಮ ಕಣ್ಣೆದುರಿಗೇ ಆಡಿದ್ದಲ್ವಾ ಸಾರ್?"

"ಹೊಸ ನಿಯಮ. ಎಲ್ಲರಿಗೂ ಒಂದೇ."

"ನಿಂಗೇನು ತಲೆ ಕೆಟ್ಟಿದೆಯಾ?" ಏಣಿಯ ಮೇಲಿಂದ ಅಪ್ಪ ಕೂಗಿದರು. "ಒತ್ತೇ! ನಿನ್ನ ಹೆಸರು ಬರೀಬೇಕು ನಾನು!"

ಅವಳಿಗೂ ಆ ಸಾಲು ಬೇಕಿತ್ತು. ತುಂಬಾ ಬೇಕಿತ್ತು. ಫಲಕದ ಕಡೆ ನೋಡಿದಳು, ಅಪ್ಪನ ಬ್ರಶ್ಶಿನ ತುದಿಯಲ್ಲಿ ನಿಂತ ಬಣ್ಣದ ಹನಿಯನ್ನು ನೋಡಿದಳು. 'ಬೇಡ' ಒತ್ತಿದಳು.

ಸಭಾಂಗಣದಲ್ಲಿ ಗುಲ್ಲೆದ್ದಿತು. "ಮೋಸ!" ಎಂದು ಯಾರೋ ಕೂಗಿದರು. ತೀರ್ಪುಗಾರ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದ.

"ಕೈ ಅಡ್ಡ ಹಿಡಿದಾಗಲೇ ಅಂದ್ಕೊಂಡೆ. ಏನು ಮುಚ್ಚಿಟ್ಟೆ, ಈಗಲಾದ್ರೂ ತೋರ್ಸು."

ಅಪ್ಪ ಧಡಧಡನೆ ಏಣಿಯಿಂದಿಳಿದು ಬಂದರು. ಮುಖ ಕೆಂಪಾಗಿತ್ತು. "ತೋರ್ಸು! ಎಲ್ಲರೂ ನೋಡ್ಲಿ!"

"ಸರಿ ಅಪ್ಪ. ಮೊದಲು ನೀವೇ ನೋಡಿ."

ಟಿ.ವಿ.ಯನ್ನು ಅವರ ಕಡೆಗೆ ತಿರುಗಿಸಿ, ಯಂತ್ರವನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದಳು. ಈ ಸಲ ಕೈ ಅಡ್ಡ ಬರಲಿಲ್ಲ.

ಆ ಕ್ಯಾಸೆಟ್ಟಿನಲ್ಲಿ ಸೇವ್ ಮಾಡಲು ಇದ್ದದ್ದು ಒಂದೇ ಜಾಗ; ಹೊಸದು ಸೇರಿದರೆ ಹಳೆಯದು ಅಳಿಯುತ್ತದೆ. ಅಲ್ಲಿ, ಎರಡನೇ ದ್ವೀಪದಲ್ಲಿ ನಿಂತ ಆಟದ ಪಕ್ಕದಲ್ಲಿ, ಮನೆ ಬಿಟ್ಟು ಹೋದಳೆಂದು ಐದು ವರ್ಷದ ಹಿಂದೆ ಅಪ್ಪ ಅಂಗಡಿಯ ಬೋರ್ಡಿನಿಂದ ಅಳಿಸಿಹಾಕಿದ್ದ ಅಕ್ಕನ ಹೆಸರು ಹಾಗೇ ಇತ್ತು.